ಬಾಯಿ ವಾಸನೆ: ಬ್ರಷ್ ಮುಟ್ಟದ ಜಾಗಗಳಿಂದ ಶುರು ಮಾಡಿ

ಎರಡು ಹೊತ್ತು ಹಲ್ಲುಜ್ಜಿದರೂ, ಪೇಸ್ಟ್ ಬದಲಿಸಿದರೂ, ಜೇಬಿನಲ್ಲಿ ಏಲಕ್ಕಿ ಇಟ್ಟುಕೊಂಡು ಓಡಾಡಿದರೂ ಬಾಯಿ ವಾಸನೆ ಹೋಗುತ್ತಿಲ್ಲ ಎನ್ನುವವರ ಬಾಯಿ ತೆರೆಸಿ ನೋಡಿದರೆ ಹೆಚ್ಚಾಗಿ ಕಾಣುವುದು ಒಂದೇ: ವಾಸನೆ ಹುಟ್ಟುವ ಜಾಗವನ್ನು ಅವರ ಬ್ರಷ್ ಮುಟ್ಟಿಯೇ ಇರುವುದಿಲ್ಲ. ಬ್ರಷ್ಷಿಗೆ ಎಟುಕುವುದು ಹಲ್ಲಿನ ಹೊರಮೈ, ಒಳಮೈ, ಅಗಿಯುವ ಮೈ. ವಾಸನೆ ಹುಟ್ಟುವುದು ನಾಲಿಗೆಯ ಬುಡದಲ್ಲಿ, ಹಲ್ಲಿನ ಸಂದಿಯಲ್ಲಿ, ಒಸಡಿನ ಅಂಚಿನ ಕೆಳಗೆ.

ಈ ಮೂರೂ ಜಾಗಗಳಲ್ಲಿ ಗಾಳಿ ಆಡುವುದಿಲ್ಲ. ಗಾಳಿ ಬೇಡದ ಬ್ಯಾಕ್ಟೀರಿಯಾಗಳಿಗೆ ಅದೇ ಅನುಕೂಲ. ಸಿಕ್ಕಿಕೊಂಡ ಅನ್ನದ ಅಗಳು, ಉದುರಿದ ಚರ್ಮಕೋಶ, ಒಸಡಿನಿಂದ ಒಸರಿದ ರಕ್ತ, ಮೂಗಿನಿಂದ ಗಂಟಲಿಗೆ ಇಳಿದ ಸಿಂಬಳ, ಇವುಗಳಲ್ಲಿರುವ ಪ್ರೋಟೀನನ್ನು ಅವು ಒಡೆದು ಗಂಧಕದ ಅನಿಲಗಳನ್ನು ಬಿಡುತ್ತವೆ. ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ, ಮೀಥೈಲ್ ಮರ್ಕ್ಯಾಪ್ಟನ್ ಕೊಳೆತ ಕೋಸಿನ ಹಾಗೆ. ಹತ್ತು ಜನರ ಬಾಯಿ ವಾಸನೆಯಲ್ಲಿ ಎಂಟೊಂಬತ್ತು ಜನರದ್ದು ಬಾಯೊಳಗೇ ಹುಟ್ಟಿದ್ದು. "ಹೊಟ್ಟೆ ಸರಿ ಇಲ್ಲ, ಅದಕ್ಕೇ ಬಾಯಿ ನಾರುತ್ತೆ" ಎಂದು ಜಠರದ ಔಷಧಿ ನುಂಗುವುದು ನಮ್ಮಲ್ಲಿ ತೀರಾ ಸಾಮಾನ್ಯ. ಅನ್ನನಾಳ ಸದಾ ತೆರೆದಿರುವ ಕೊಳವೆಯಲ್ಲ. ಜಠರದ ವಾಸನೆ ಮೇಲೆ ಬರುವುದು ತೇಗಿದಾಗ ಅಥವಾ ಹುಳಿ ತೇಗಿನ ತೊಂದರೆ ಇದ್ದಾಗ ಮಾತ್ರ.

ಮೊದಲು ಎಲ್ಲಿಯದು ಎಂದು ಹುಡುಕಿ

ನಮ್ಮ ಬಾಯಿಯ ವಾಸನೆ ನಮ್ಮ ಮೂಗಿಗೆ ಒಗ್ಗಿಹೋಗಿರುತ್ತದೆ. ಅಂಗೈ ಮುಂದೆ ಹಿಡಿದು ಊದಿ ಮೂಸಿದರೆ ಏನೂ ಗೊತ್ತಾಗುವುದಿಲ್ಲ. ಹೀಗೆ ಮಾಡಿ. ಊಟವಾಗಿ ಎರಡು ಗಂಟೆ ಕಳೆದಿರಲಿ, ಆ ಹೊತ್ತಿನಲ್ಲಿ ಹಲ್ಲುಜ್ಜಿರಬಾರದು, ಬಾಯಿಗೆ ಪುದೀನ ಚೂಯಿಂಗ್ ಗಮ್ ಹಾಕಿರಬಾರದು, ಹಿಂದಿನ ದಿನ ಹಸಿ ಬೆಳ್ಳುಳ್ಳಿ ತಿಂದಿರಬಾರದು. ಒಂದು ಸ್ಟೀಲ್ ಚಮಚವನ್ನು ಬೋರಲು ಹಿಡಿದು ನಾಲಿಗೆಯ ಹಿಂಭಾಗವನ್ನು ಮೆಲ್ಲಗೆ ಎರಡು ಸಲ ಹೆರೆದು, ಬಂದ ಲೋಳೆಯನ್ನು ಐದಾರು ಸೆಕೆಂಡು ಬಿಟ್ಟು ಮೂಸಿ ನೋಡಿ. ಆಮೇಲೆ ಫ್ಲಾಸ್ ದಾರವನ್ನು ಹಿಂದಿನ ದವಡೆ ಹಲ್ಲುಗಳ ಸಂದಿಯಲ್ಲಿ ಎಳೆದು, ಅದನ್ನೂ ಮೂಸಿ. ಒಂದೊಂದು ಸಂದಿಗೂ ದಾರದ ಹೊಸ ಭಾಗ ಬಳಸಿದರೆ ಯಾವ ಸಂದಿ ನಾರುತ್ತಿದೆ ಎಂಬುದೂ ಸಿಗುತ್ತದೆ. ಒಂದೇ ಸಂದಿ ಮಾತ್ರ ಜೋರಾಗಿ ನಾರಿದರೆ ಅಲ್ಲಿ ಹುಳುಕು ಇರಬಹುದು, ಹಳೆಯ ಕ್ಯಾಪ್ ಸಡಿಲವಾಗಿರಬಹುದು, ಇಲ್ಲವೇ ಅರ್ಧ ಹುಟ್ಟಿದ ಬುದ್ಧಿಹಲ್ಲಿನ ಮೇಲಿನ ಒಸಡಿನ ಮಡಿಕೆಯಲ್ಲಿ ಆಹಾರ ಕೂತು ಕೊಳೆಯುತ್ತಿರಬಹುದು. ಅದಕ್ಕೆ ಮನೆಯಲ್ಲಿ ಪರಿಹಾರವಿಲ್ಲ, ದಂತವೈದ್ಯರೇ ನೋಡಬೇಕು.

ಇನ್ನೊಂದು ಪರೀಕ್ಷೆಗೆ ಮನೆಯವರ ನೆರವು ಬೇಕು. ಗಂಡ, ಹೆಂಡತಿ, ಅಕ್ಕ, ತಂಗಿ, ಯಾರಾದರೂ ಸುಳ್ಳು ಹೇಳದವರು ಆಗಲಿ. ಮೊದಲು ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಆಮೇಲೆ ಮೂಗು ಹಿಡಿದು ಬಾಯಿಂದ ಬಿಡಿ. ಬಾಯಿಂದ ಮಾತ್ರ ವಾಸನೆ ಬಂದರೆ ಮೂಲ ಬಾಯಿ ಅಥವಾ ಗಂಟಲು. ಮೂಗಿನಿಂದ ಮಾತ್ರ ಬಂದರೆ ಮೂಗು ಅಥವಾ ಸೈನಸ್. ಎರಡರಿಂದಲೂ ಒಂದೇ ಬಗೆಯ ವಾಸನೆ ಬಂದರೆ ಅದು ಶ್ವಾಸಕೋಶದ ದಾರಿಯಲ್ಲಿ, ಅಂದರೆ ರಕ್ತದಿಂದ ಬರುತ್ತಿರುವ ಸಾಧ್ಯತೆ ಇದೆ.

ಚಮಚವೂ ನಾರಲಿಲ್ಲ, ದಾರವೂ ನಾರಲಿಲ್ಲ, ಇಬ್ಬರು ಆಪ್ತರು ಕೇಳಿದಾಗಲೆಲ್ಲ ವಾಸನೆ ಇಲ್ಲವೆಂದೇ ಹೇಳುತ್ತಾರೆ, ಆದರೂ ಎದುರಿನವರು ಮೂಗು ಮುಟ್ಟಿಕೊಂಡರೆ ಅದು ನನ್ನಿಂದಲೇ ಎಂದು ಮನಸ್ಸು ಕುಗ್ಗುತ್ತದೆ ಎನ್ನುವವರೂ ಇದ್ದಾರೆ. ಆ ಸಂಕಟ ನಿಜವಾದದ್ದು. ಅದಕ್ಕೆ ನೆರವಾಗುವವರು ಮನೋವೈದ್ಯರು. ಇನ್ನೊಂದು ಬಾಟಲಿ ಮೌತ್‌ವಾಶ್ ಕೊಂಡರೆ ಅದು ಹೋಗುವುದಿಲ್ಲ.

ನಾಲಿಗೆ

ನಾಲಿಗೆಯ ಮೈ ನಯವಾಗಿಲ್ಲ. ಟರ್ಕಿ ಟವೆಲಿನ ಹಾಗೆ ಸಣ್ಣ ಸಣ್ಣ ಎಳೆಗಳು ಎದ್ದು ನಿಂತಿವೆ. ತುದಿಯ ಭಾಗ ಮಾತಾಡುವಾಗ, ಅಗಿಯುವಾಗ ಅಂಗುಳಕ್ಕೆ ಉಜ್ಜಿ ತಾನೇ ಸ್ವಚ್ಛವಾಗುತ್ತದೆ. ಹಿಂದಿನ ಮೂರನೇ ಒಂದು ಭಾಗ ಹಾಗೆ ಉಜ್ಜುವುದಿಲ್ಲ. ಬೆಳಿಗ್ಗೆ ಕನ್ನಡಿ ಮುಂದೆ ನಾಲಿಗೆ ಚಾಚಿದರೆ ತುದಿ ಗುಲಾಬಿಯಾಗಿ, ಹಿಂದೆ ಹೋದಂತೆ ಬಿಳಿಯಾಗಿ, ಬುಡದಲ್ಲಿ ಹಳದಿಯಾಗಿ ಕಾಣುವುದು ಅದಕ್ಕೇ.

ನಾಲಿಗೆ ಹೆರೆಯುವುದು ನಮಗೆ ಹೊಸದಲ್ಲ. ಚರಕಸಂಹಿತೆಯಲ್ಲೇ ಚಿನ್ನ, ಬೆಳ್ಳಿ, ತಾಮ್ರದಂಥ ಲೋಹದ ಪಟ್ಟಿಯಿಂದ ನಾಲಿಗೆ ಹೆರೆಯಲು ಹೇಳಿದೆ. ಇವತ್ತು ಸ್ಟೀಲ್ ಅಥವಾ ತಾಮ್ರದ, ಯು ಆಕಾರದ ಟಂಗ್ ಕ್ಲೀನರ್ ಸಾಕು. ಪ್ಲಾಸ್ಟಿಕ್ಕಿನದು ಬೇಗ ಮೊಂಡಾಗುತ್ತದೆ. ಕೊಳ್ಳುವಾಗ ಅಂಚಿನ ಮೇಲೆ ಬೆರಳಾಡಿಸಿ ನೋಡಿ. ಗರಗಸದ ಹಾಗೆ ಚುಚ್ಚಿದರೆ ಬೇಡ.

ತೊಂದರೆ ಇರುವುದು ಬಳಸುವ ರೀತಿಯಲ್ಲಿ. ಹೆಚ್ಚಿನವರು ನಡುವಿನಿಂದ ತುದಿಗೆ ಎರಡು ಸಲ ಎಳೆದು ಮುಗಿಸುತ್ತಾರೆ, ಅಂದರೆ ಅಗತ್ಯವಿಲ್ಲದ ಜಾಗವನ್ನೇ ಹೆರೆಯುತ್ತಾರೆ. ನಾಲಿಗೆಯನ್ನು ಚೆನ್ನಾಗಿ ಚಾಚಿ. ಜಾರುತ್ತಿದ್ದರೆ ತುದಿಯನ್ನು ಶುಭ್ರ ಬಟ್ಟೆಯಿಂದ ಎರಡು ಬೆರಳಲ್ಲಿ ಹಿಡಿದುಕೊಳ್ಳಿ. ಓಕರಿಕೆ ಬಾರದಷ್ಟು ಹಿಂದಕ್ಕೆ ಪಟ್ಟಿಯನ್ನು ಇಟ್ಟು, ಉಸಿರನ್ನು ನಿಧಾನವಾಗಿ ಹೊರಬಿಡುತ್ತಾ, ಹಗುರವಾಗಿ ಒಂದೇ ಎಳೆತದಲ್ಲಿ ಮುಂದಕ್ಕೆ ತನ್ನಿ. ಪಟ್ಟಿಯನ್ನು ನಲ್ಲಿ ನೀರಲ್ಲಿ ತೊಳೆದು ಮತ್ತೆ ಇಡಿ. ನಡುವೆ ಎರಡು, ಎಡಕ್ಕೆ ಎರಡು, ಬಲಕ್ಕೆ ಎರಡು. ಮೊದಮೊದಲು ಪಟ್ಟಿಯ ಮೇಲೆ ಹಳದಿ ಬಿಳುಪಿನ ದಪ್ಪ ಲೋಳೆ ಬರುತ್ತದೆ. ಬರುವುದು ಬರೀ ತಿಳಿ ಎಂಜಲಾದಾಗ ನಿಲ್ಲಿಸಿ. ರಕ್ತ ಕಂಡರೆ ಜೋರಾಗಿ ಒತ್ತುತ್ತಿದ್ದೀರಿ ಎಂದರ್ಥ. ನಾಲಿಗೆಯನ್ನು ಕೆಂಪಾಗಿಸುವುದು ಗುರಿಯಲ್ಲ.

ಓಕರಿಕೆ ಬೇಗ ಬರುವವರು ನಡುವಿನಿಂದಲೇ ಶುರು ಮಾಡಿ, ಮೂರು ನಾಲ್ಕು ದಿನಕ್ಕೊಮ್ಮೆ ಅರ್ಧ ಸೆಂಟಿಮೀಟರಿನಷ್ಟು ಹಿಂದಕ್ಕೆ ಹೋಗಿ. ಎರಡು ಮೂರು ವಾರದಲ್ಲಿ ನಾಲಿಗೆ ಒಗ್ಗುತ್ತದೆ. ಮುಂಜಾನೆ ಬಚ್ಚಲಲ್ಲಿ ಎರಡು ಬೆರಳನ್ನು ಗಂಟಲಿಗೆ ಹಾಕಿ ಜೋರಾಗಿ ಓಕರಿಸಿ "ಕಫ ತೆಗೆಯುವ" ಅಭ್ಯಾಸವನ್ನಂತೂ ದಯವಿಟ್ಟು ಬಿಡಿ. ಅದರಿಂದ ನಾಲಿಗೆಯ ಬುಡ ಸ್ವಚ್ಛವಾಗುವುದಿಲ್ಲ, ಮೇಲೆ ಬಂದ ಜಠರದ ಆಮ್ಲ ಹಲ್ಲಿನ ಎನಾಮಲ್ ಸವೆಸುತ್ತದೆ, ಉಗುರು ತಾಗಿ ಗಂಟಲು ಗಾಯವಾಗುತ್ತದೆ. ಎಷ್ಟು ಹೆರೆದರೂ ಹೋಗದ ಬಿಳಿ ಮಚ್ಚೆ ನಾಲಿಗೆಯ ಮೇಲೋ ಕೆನ್ನೆಯ ಒಳಗೋ ಇದ್ದರೆ ಮತ್ತೆ ಮತ್ತೆ ಹೆರೆಯಬೇಡಿ, ತೋರಿಸಿ.

ಹಲ್ಲಿನ ಸಂದಿ

ಎರಡು ಹಲ್ಲುಗಳು ಒಂದಕ್ಕೊಂದು ತಾಗುವ ಜಾಗಕ್ಕೆ ಯಾವ ಬ್ರಷ್ಷಿನ ಎಳೆಯೂ ಹೋಗುವುದಿಲ್ಲ. ಜಾಹೀರಾತು ಏನೇ ಹೇಳಲಿ. ಅಲ್ಲಿಗೆ ಹೋಗುವುದು ಫ್ಲಾಸ್ ಅಥವಾ ಸಂದಿಗೆಂದೇ ಮಾಡಿದ ಪುಟ್ಟ ಇಂಟರ್‌ಡೆಂಟಲ್ ಬ್ರಷ್. ಎರಡೂ ಮೆಡಿಕಲ್ ಶಾಪಿನಲ್ಲಿ ಸಿಗುತ್ತವೆ.

ಹಲ್ಲುಗಳು ಒತ್ತೊತ್ತಾಗಿದ್ದರೆ ಫ್ಲಾಸ್. ಸುಮಾರು 45 ಸೆಂಟಿಮೀಟರ್ ದಾರ ಹರಿದುಕೊಂಡು ಎರಡೂ ಕೈಯ ನಡುಬೆರಳಿಗೆ ಸುತ್ತಿ, ನಡುವೆ ಎರಡು ಮೂರು ಸೆಂಟಿಮೀಟರ್ ಬಿಗಿಯಾಗಿ ಹಿಡಿಯಿರಿ. ಒತ್ತಿ ಟಪ್ಪೆಂದು ಇಳಿಸಿದರೆ ಒಸಡು ಕೊಯ್ಯುತ್ತದೆ. ಗರಗಸದಂತೆ ಹಿಂದೆ ಮುಂದೆ ಆಡಿಸುತ್ತಾ ಮೆಲ್ಲಗೆ ಇಳಿಸಿ. ಇಳಿದ ಮೇಲೆ ದಾರವನ್ನು ಒಂದು ಹಲ್ಲಿನ ಮೈಗೆ ಅಪ್ಪಿಸಿ, ಒಸಡಿನ ಅಂಚಿನ ಸ್ವಲ್ಪ ಕೆಳಗಿನಿಂದ ಮೇಲಕ್ಕೆ ಮೂರು ನಾಲ್ಕು ಸಲ ಒರಸಿ. ಮೇಲಕ್ಕೆ ತೆಗೆಯುವ ಮುಂಚೆ ಅದೇ ಸಂದಿಯ ಇನ್ನೊಂದು ಹಲ್ಲಿಗೂ ಹಾಗೇ. ಈ ಎರಡನೇ ಒರಸು ಬಹಳ ಜನ ಬಿಟ್ಟುಬಿಡುತ್ತಾರೆ. ಹೊಲಿಗೆ ದಾರ ಬೇಡ, ತೆಳ್ಳಗೆ ಬಿಗಿಯಾಗಿ ಒಸಡನ್ನು ಸೀಳುತ್ತದೆ. ಸೇಫ್ಟಿ ಪಿನ್ನು, ಪೊರಕೆ ಕಡ್ಡಿ ಇನ್ನೂ ಕೆಟ್ಟವು. ಅವು ಸಂದಿಯನ್ನು ಸ್ವಚ್ಛ ಮಾಡುವುದಕ್ಕಿಂತ ಒಸಡನ್ನು ಕೆಳಗೆ ತಳ್ಳುವುದೇ ಹೆಚ್ಚು. ಆಮೇಲೆ ಅಲ್ಲಿ ಇನ್ನಷ್ಟು ಆಹಾರ ಕೂರುತ್ತದೆ.

ನಲವತ್ತು ದಾಟಿದವರಲ್ಲಿ, ಒಸಡು ಇಳಿದು ಸಂದಿ ಅಗಲವಾದವರಲ್ಲಿ, ಕ್ಲಿಪ್ ಹಾಕಿಸಿಕೊಂಡವರಲ್ಲಿ ಪುಟ್ಟ ಬ್ರಷ್ಷೇ ಫ್ಲಾಸ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಬೇರೆ ಬೇರೆ ಅಳತೆಗಳಲ್ಲಿ ಬರುತ್ತದೆ. ಸಂದಿಯಲ್ಲಿ ಸ್ವಲ್ಪ ಬಿಗಿಯಾಗಿ, ಆದರೆ ತಂತಿ ಬಾಗದೆ ಹೋಗುವ ಅಳತೆ ಸರಿ. ಸಡಿಲವಾಗಿ ಹೋದರೆ ಪ್ರಯೋಜನವಿಲ್ಲ. ಒಂದೇ ಬಾಯಿಯಲ್ಲಿ ಮುಂದಿನ ಹಲ್ಲಿಗೊಂದು, ದವಡೆಗೊಂದು ಅಳತೆ ಬೇಕಾಗಬಹುದು. ಪೇಸ್ಟ್ ಬೇಕಿಲ್ಲ. ಎಳೆ ಉದುರಿದಾಗ, ತಂತಿ ಸೊಟ್ಟಗಾದಾಗ ಬದಲಿಸಿ.

ದಿನಕ್ಕೊಮ್ಮೆ ಸಾಕು, ಆದರೆ ರಾತ್ರಿ. ನಿದ್ದೆಯಲ್ಲಿ ಜೊಲ್ಲು ಊರುವುದು ಬಹುತೇಕ ನಿಂತುಹೋಗುತ್ತದೆ, ಸಂದಿಯಲ್ಲಿ ಉಳಿದದ್ದು ಏಳೆಂಟು ಗಂಟೆ ತೊಳೆಯುವವರಿಲ್ಲದೆ ಕೊಳೆಯುತ್ತದೆ. ಬೆಳಿಗ್ಗೆ ಕಾಫಿಗೆ ಮುಂಚೆ ಒಮ್ಮೆ ಉಜ್ಜಿ ರಾತ್ರಿ ಹಾಗೇ ಮಲಗುವವರು ಹೊತ್ತನ್ನು ತಲೆಕೆಳಗು ಮಾಡಿಕೊಂಡಿದ್ದಾರೆ. ರಾತ್ರಿಯ ಕ್ರಮ ಹೀಗಿರಲಿ: ಮೊದಲು ಸಂದಿ, ಆಮೇಲೆ ಫ್ಲೋರೈಡ್ ಪೇಸ್ಟ್‌ನಿಂದ ಎರಡು ನಿಮಿಷ ಬ್ರಷ್, ಕೊನೆಗೆ ನಾಲಿಗೆ. ಬ್ರಷ್ ಮೃದುವಾಗಿರಲಿ, ಎಳೆಗಳು ಒಸಡಿನ ಅಂಚಿಗೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ನಿಲ್ಲಲಿ, ಇದ್ದಲ್ಲೇ ಸಣ್ಣಗೆ ನಡುಗಿಸಿ. ಪಾತ್ರೆ ತಿಕ್ಕುವ ಹಾಗೆ ಅಡ್ಡಡ್ಡ ತಿಕ್ಕಿದರೆ ಹಲ್ಲಿನ ಬುಡ ಸವೆಯುತ್ತದೆ, ಒಸಡಿನ ಅಂಚು ಮಾತ್ರ ಕೊಳೆಯಾಗೇ ಉಳಿಯುತ್ತದೆ. ಮೂರು ತಿಂಗಳಿಗೊಮ್ಮೆ ಬ್ರಷ್ ಬದಲಿಸಿ.

ಬೇವಿನ ಕಡ್ಡಿ ಬಳಸುವವರು ತುದಿಯನ್ನು ಚೆನ್ನಾಗಿ ಜಗಿದು ಎಳೆ ಬಿಡಿಸಿಕೊಂಡರೆ ಹೊರಮೈ ಸ್ವಚ್ಛವಾಗುತ್ತದೆ. ಒಳಮೈಗೂ ಸಂದಿಗೂ ಅದು ಎಟುಕುವುದಿಲ್ಲ. ಇದ್ದಿಲ ಪುಡಿ, ಬೂದಿ, ಇಟ್ಟಿಗೆ ಪುಡಿ ಬೇಡವೇ ಬೇಡ.

ಒಸಡು, ಪಾಚಿ, ಕ್ಲೀನಿಂಗ್ ಎಂದರೆ ಭಯ

ಹೊಸದಾಗಿ ಫ್ಲಾಸ್ ಮಾಡಿದಾಗ ರಕ್ತ ಬರುವುದು ಸಾಮಾನ್ಯ. ಹೆದರಿ ನಿಲ್ಲಿಸಬೇಡಿ. ಕೊಳೆ ಕೂತು ಊದಿದ ಒಸಡಿನಿಂದ ಬರುವ ರಕ್ತ ಅದು. ದಿನವೂ ಸರಿಯಾಗಿ ತೆಗೆಯುತ್ತಾ ಹೋದರೆ ಒಂದೆರಡು ವಾರದಲ್ಲಿ ನಿಲ್ಲುತ್ತದೆ. ಎರಡು ವಾರವಾದರೂ ನಿಲ್ಲದಿದ್ದರೆ, ಒಸಡಿನ ಕೆಳಗೆ ಗಟ್ಟಿ ಪಾಚಿ ಕೂತಿದೆ ಎಂದುಕೊಳ್ಳಿ. ಎಂಜಲಿನ ಸುಣ್ಣದಂಶ ಕೊಳೆಯ ಮೇಲೆ ಕೂತು ಕಲ್ಲಾದದ್ದು ಅದು. ಕೆಳಗಿನ ಮುಂಭಾಗದ ಹಲ್ಲುಗಳ ಒಳಮೈಗೆ ನಾಲಿಗೆ ತಾಗಿಸಿದರೆ ಒರಟಾಗಿ ಸಿಗುತ್ತದಲ್ಲ, ಅದೇ. ಬ್ರಷ್ಷಿಗೆ ಅದು ಬಗ್ಗುವುದಿಲ್ಲ, ದಂತವೈದ್ಯರ ಬಳಿ ಸ್ಕೇಲಿಂಗ್, ಅಂದರೆ ಪಾಚಿ ತೆಗೆಯುವ ಕ್ಲೀನಿಂಗ್, ಮಾಡಿಸಲೇಬೇಕು.

"ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತೆ" ಎಂಬ ಮಾತು ಪ್ರತಿ ಊರಿನಲ್ಲೂ ಇದೆ. ಎಷ್ಟೋ ಜನ ಹಲ್ಲು ಕಳೆದುಕೊಂಡದ್ದು ಈ ಭಯದಿಂದ ದೂರ ಉಳಿದು. ಆಗುವುದು ಇಷ್ಟು: ಪಾಚಿಯ ಅಡಿಯಲ್ಲಿ ಒಸಡು, ಎಲುಬು ಮೊದಲೇ ಕರಗಿರುತ್ತವೆ. ಪಾಚಿ ಗಾರೆಯ ಹಾಗೆ ಹಲ್ಲುಗಳನ್ನು ಒಂದಕ್ಕೊಂದು ಹಿಡಿದಿರುತ್ತದೆ. ಅದನ್ನು ತೆಗೆದಾಗ, ಊತ ಇಳಿದಾಗ, ಅಲ್ಲಿಯತನಕ ಮುಚ್ಚಿದ್ದ ಸಂದಿ ಕಾಣುತ್ತದೆ, ತಣ್ಣನೆ ನೀರು ಕೆಲವು ದಿನ ಜುಮ್ಮೆನ್ನುತ್ತದೆ. ಸಡಿಲ ಮಾಡಿದ್ದು ಪಾಚಿ, ಸ್ಕೇಲಿಂಗ್ ಅಲ್ಲ. ಬಿಟ್ಟರೆ ಒಸಡಿಗೂ ಹಲ್ಲಿಗೂ ನಡುವೆ ಆಳವಾದ ಜೇಬುಗಳಾಗಿ, ಕೀವು ಕೂತು, ಯಾವ ಮೌತ್‌ವಾಶ್‌ಗೂ ಎಟುಕದ ವಾಸನೆ ಹುಟ್ಟುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಇಮ್ಮಡಿ ತೊಂದರೆ, ಸಕ್ಕರೆ ಹೆಚ್ಚಿದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಖರ್ಚಿನ ಚಿಂತೆ ಇದ್ದರೆ ಬೆಂಗಳೂರು, ಮೈಸೂರು, ಮಂಗಳೂರು, ದಾವಣಗೆರೆ, ಧಾರವಾಡದಂಥ ಊರುಗಳ ದಂತ ಕಾಲೇಜುಗಳ ಆಸ್ಪತ್ರೆಗೆ ಹೋಗಿ, ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆಯಲ್ಲಿ ಆಗುತ್ತದೆ.

ಬಾಯಿ ಒಣಗಿದರೆ

ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರ್ ಜೊಲ್ಲು ಊರಿ ಬಾಯನ್ನು ತೊಳೆಯುತ್ತಲೇ ಇರುತ್ತದೆ. ಅದು ಕಡಿಮೆಯಾದ ಹೊತ್ತೆಲ್ಲ ವಾಸನೆ ಹೆಚ್ಚುತ್ತದೆ. ಬೆಳಿಗ್ಗೆ ಎದ್ದಾಗ, ಏಕಾದಶಿ ಅಥವಾ ರಂಜಾನ್ ಉಪವಾಸದಲ್ಲಿ, ತಾಸುಗಟ್ಟಲೆ ಪಾಠ ಮಾಡಿದಾಗ, ಮೂಗು ಕಟ್ಟಿ ಬಾಯಲ್ಲಿ ಉಸಿರಾಡಿದಾಗ. ರಕ್ತದೊತ್ತಡಕ್ಕೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆ, ಅಲರ್ಜಿ ಮಾತ್ರೆ, ಖಿನ್ನತೆಯ ಕೆಲವು ಔಷಧಿಗಳೂ ಬಾಯಿ ಒಣಗಿಸುತ್ತವೆ. ಅವನ್ನು ನೀವಾಗಿ ನಿಲ್ಲಿಸಬಾರದು, ಬರೆದುಕೊಟ್ಟ ವೈದ್ಯರಿಗೆ ಹೇಳಿ.

ಒಂದೇ ಸಲ ಒಂದು ಚೊಂಬು ಕುಡಿಯುವುದಕ್ಕಿಂತ ಗುಟುಕು ಗುಟುಕಾಗಿ ನೀರು ಬಾಯಲ್ಲಿ ಆಡಿಸಿ ನುಂಗುವುದು ಮೇಲು. ಊಟದ ನಂತರ ಸಕ್ಕರೆರಹಿತ ಚೂಯಿಂಗ್ ಗಮ್ ಹತ್ತು ನಿಮಿಷ ಅಗಿದರೆ ಜೊಲ್ಲು ಊರುತ್ತದೆ, ಅದರಲ್ಲಿ ಸಕ್ಕರೆಯ ಬದಲಿಗೆ ಹಾಕುವ ಕ್ಸೈಲಿಟಾಲ್ ಎಂಬ ಸಿಹಿ ಇದ್ದರೆ ಇನ್ನೂ ಒಳ್ಳೆಯದು. ಹೋಟೆಲಿನ ಬಣ್ಣದ ಸಕ್ಕರೆ ಸೋಂಪು ಮಾತ್ರ ಬೇಡ. ಪರಿಮಳ ಹತ್ತು ನಿಮಿಷದಲ್ಲಿ ಹೋಗುತ್ತದೆ, ಸಕ್ಕರೆ ಸಂದಿಯಲ್ಲಿ ಉಳಿಯುತ್ತದೆ. ಬರೀ ಸೋಂಪು, ಏಲಕ್ಕಿ, ಲವಂಗ ಪರವಾಗಿಲ್ಲ, ಆದರೆ ಅವು ವಾಸನೆಯನ್ನು ಮುಚ್ಚುತ್ತವೆಯೇ ಹೊರತು ಮೂಲ ತೆಗೆಯುವುದಿಲ್ಲ. ಲವಂಗದ ಎಣ್ಣೆಯನ್ನು ಹಾಗೇ ಹಚ್ಚಿದರೆ ಬಾಯಿಯ ಒಳಚರ್ಮ ಸುಡುತ್ತದೆ. ಹಾಲು ಸಕ್ಕರೆಯ ಕಾಫಿ ಕುಡಿದ ಮೇಲೆ ಒಂದು ಗುಟುಕು ನೀರಿನಿಂದ ಬಾಯಿ ಮುಕ್ಕಳಿಸುವ ಅಭ್ಯಾಸ ಚಿಕ್ಕದಾದರೂ ದಿನವಿಡೀ ಕೆಲಸಕ್ಕೆ ಬರುತ್ತದೆ.

ಮೌತ್‌ವಾಶ್ ಕೊಳ್ಳುವ ಮುಂಚೆ

ಬಾಟಲಿಯ ಹಿಂಬದಿ ಓದಿ. ಸತುವಿನ ಲವಣ ಅಥವಾ ಸೆಟೈಲ್‌ಪಿರಿಡಿನಿಯಂ ಕ್ಲೋರೈಡ್ ಇರುವುದು ಬಾಯಿ ವಾಸನೆಗೆ ಉಪಯುಕ್ತ. ಸತು ಆ ಗಂಧಕದ ಅನಿಲಗಳನ್ನೇ ಹಿಡಿದುಹಾಕುತ್ತದೆ. ಆಲ್ಕೋಹಾಲ್ ಇರುವುದು ಬಾಯಿ ಒಣಗುವವರಿಗೆ ಒಳ್ಳೆಯದಲ್ಲ. ಕ್ಲೋರ್‌ಹೆಕ್ಸಿಡಿನ್ 0.2% ಬೇರೆಯೇ ಜಾತಿ, ಅದು ಔಷಧಿ. ದಂತವೈದ್ಯರು ಹೇಳಿದರೆ ಮಾತ್ರ, 10 ಮಿಲಿ ತೆಗೆದುಕೊಂಡು ದಿನಕ್ಕೆರಡು ಸಲ ಒಂದು ನಿಮಿಷ ಮುಕ್ಕಳಿಸಿ, ಸಾಮಾನ್ಯವಾಗಿ ಎರಡು ವಾರ. ತಿಂಗಳುಗಟ್ಟಲೆ ಬಳಸಿದವರ ಹಲ್ಲು, ನಾಲಿಗೆ ಕಂದುಬಣ್ಣವಾಗುತ್ತದೆ, ಸಾರಿನ ಉಪ್ಪು ಹುಳಿಯೇ ತಿಳಿಯದಂತಾಗುತ್ತದೆ. ಹಲ್ಲುಜ್ಜಿದ ಕೂಡಲೇ ಅದನ್ನು ಬಳಸಿದರೆ ಪೇಸ್ಟಿನ ನೊರೆಯ ಅಂಶ ಅದರ ಶಕ್ತಿ ಕುಂದಿಸುತ್ತದೆ, ಅರ್ಧ ಗಂಟೆ ಬಿಡಿ.

ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ಮುಕ್ಕಳಿಸುವುದು ಊದಿದ ಒಸಡಿಗೆ ಹಿತ. ಎಳ್ಳೆಣ್ಣೆ ಮುಕ್ಕಳಿಸುವವರು ಅದನ್ನು ಬ್ರಷ್ಷಿನ ಬದಲಿಗೆ ಎಂದುಕೊಳ್ಳದಿದ್ದರೆ ಅಡ್ಡಿಯಿಲ್ಲ. ನುಂಗಬಾರದು, ಮಕ್ಕಳಿಗೆ ಕೊಡಬಾರದು, ಎಣ್ಣೆ ಶ್ವಾಸಕ್ಕೆ ಹೋದರೆ ಅಪಾಯ.

ಬೆಳ್ಳುಳ್ಳಿ, ಈರುಳ್ಳಿ, ಅಡಿಕೆ

ಜೋಳದ ರೊಟ್ಟಿ ಜತೆ ಹಸಿ ಈರುಳ್ಳಿ, ಬೆಳ್ಳುಳ್ಳಿ ಚಟ್ನಿ ತಿಂದಾಗಿನ ವಾಸನೆಯ ಲೆಕ್ಕವೇ ಬೇರೆ. ಬೆಳ್ಳುಳ್ಳಿಯ ಅಲ್ಲೈಲ್ ಮೀಥೈಲ್ ಸಲ್ಫೈಡ್ ಎಂಬ ಅನಿಲ ಕರುಳಿನಿಂದ ರಕ್ತಕ್ಕೆ ಸೇರಿ ಶ್ವಾಸಕೋಶದಿಂದ ಹೊರಬರುತ್ತದೆ. ಎಷ್ಟು ಹಲ್ಲುಜ್ಜಿದರೂ ಅದು ನಿಲ್ಲುವುದಿಲ್ಲ, ಒಂದು ದಿನದವರೆಗೂ ಇರಬಹುದು. ಅದೇ ಊಟದಲ್ಲಿ ಗಟ್ಟಿ ಮೊಸರು, ಹಾಲು, ಹಸಿ ಸೇಬು, ಪುದೀನ ಸೊಪ್ಪು ಇದ್ದರೆ ವಾಸನೆ ಗಮನಾರ್ಹವಾಗಿ ತಗ್ಗುತ್ತದೆ. ಗಂಟೆಗಳ ನಂತರ ತಿಂದರೆ ಅಷ್ಟು ಉಪಯೋಗವಿಲ್ಲ. ಮರುದಿನ ಬೆಳಿಗ್ಗೆ ಸಂದರ್ಶನವೋ ಹೆಣ್ಣು ನೋಡುವ ಶಾಸ್ತ್ರವೋ ಇದ್ದರೆ ಹಿಂದಿನ ರಾತ್ರಿ ಬೆಳ್ಳುಳ್ಳಿ ಬಿಡುವುದೇ ಸರಿ.

ಎಲೆಅಡಿಕೆ, ಹೊಗೆಸೊಪ್ಪು, ಗುಟ್ಕಾ, ಬೀಡಿ ಬಿಡದೆ ಬಾಯಿ ವಾಸನೆ ವಾಸಿಯಾಗುವುದಿಲ್ಲ. ಅಡಿಕೆ ಜಗಿಯುವವರು ತಮ್ಮದೇ ಮೂರು ಬೆರಳನ್ನು ಉದ್ದುದ್ದವಾಗಿ ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಿಡಿಸಿ ನೋಡಿ. ಹಿಡಿಯದಿದ್ದರೆ, ಖಾರ ತಾಗಿದರೆ ಬಾಯಿ ಉರಿಯುತ್ತಿದ್ದರೆ, ಕೆನ್ನೆಯ ಒಳಭಾಗ ಬಿಳಿಚಿ ಗಟ್ಟಿಯಾಗಿದ್ದರೆ ಈ ವಾರವೇ ದಂತವೈದ್ಯರ ಬಳಿ ಹೋಗಿ. ಅದು ಕ್ಯಾನ್ಸರಿಗೆ ತಿರುಗಬಹುದಾದ ಕಾಯಿಲೆ.

ಹಲ್ಲಿನ ಸೆಟ್ ಇರುವವರು

ಸೆಟ್ಟನ್ನು ರಾತ್ರಿ ತೆಗೆದು, ಮೃದು ಬ್ರಷ್ ಮತ್ತು ಪಾತ್ರೆ ತೊಳೆಯುವ ದ್ರವದ ಒಂದು ಹನಿಯಿಂದ ಉಜ್ಜಿ, ಚೆನ್ನಾಗಿ ತೊಳೆದು ತಣ್ಣೀರಿನಲ್ಲಿಡಿ. ಬಿಸಿನೀರಿಗೆ ಆಕಾರ ಕೆಡುತ್ತದೆ, ಪೇಸ್ಟಿಗೆ ಗೀರು ಬೀಳುತ್ತದೆ, ಗೀರಿನಲ್ಲಿ ಶಿಲೀಂಧ್ರ ಕೂರುತ್ತದೆ. ಅಂಗುಳ, ಒಸಡು, ನಾಲಿಗೆಯನ್ನೂ ಒದ್ದೆ ಬಟ್ಟೆಯಿಂದ ಒರಸಿ. ಹಲ್ಲಿಲ್ಲದ ಬಾಯಿಗೂ ಕೊಳೆ ಕೂರುತ್ತದೆ.

ಬಾಯಿಂದಾಚೆ

ನಾಲಿಗೆ, ಸಂದಿ, ಒಸಡು ಮೂರನ್ನೂ ಎರಡು ಮೂರು ವಾರ ಬಿಡದೆ ನೋಡಿಕೊಂಡ ಮೇಲೂ ವಾಸನೆ ಉಳಿದರೆ ಗಂಟಲಿನ ಕಡೆ ನೋಡಿ. ಟಾನ್ಸಿಲ್ ಗುಳಿಗಳಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಹಳದಿ ಉಂಡೆಗಳು ಕೂರುತ್ತವೆ. ಕೆಮ್ಮಿದಾಗ ಹೊರಬಂದದ್ದನ್ನು ಹಿಸುಕಿದರೆ ಸಹಿಸಲಾಗದಷ್ಟು ನಾರುತ್ತದೆ. ಉಪ್ಪುನೀರಿನಿಂದ ಗಂಟಲಲ್ಲಿ ಗಳಗಳ ಮಾಡಿದರೆ ಎಷ್ಟೋ ಸಲ ಉದುರುತ್ತವೆ. ಹೇರ್‌ಪಿನ್ನಿನಿಂದ ಕೆದಕಬೇಡಿ, ರಕ್ತಸ್ರಾವವಾಗುತ್ತದೆ. ಮತ್ತೆ ಮತ್ತೆ ಬಂದರೆ ಕಿವಿ-ಮೂಗು-ಗಂಟಲು ತಜ್ಞರ ಬಳಿ ಹೋಗಿ.

ಚಿಕ್ಕ ಮಗುವಿನ ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬರುತ್ತಿದ್ದರೆ ಒಳಗೆ ಹುರುಳಿಕಾಳೋ ರಬ್ಬರ್ ತುಂಡೋ ಸಿಕ್ಕಿರುವ ಸಾಧ್ಯತೆ ಹೆಚ್ಚು. ಮನೆಯಲ್ಲಿ ತೆಗೆಯಲು ಹೋದರೆ ಒಳಕ್ಕೆ ಜಾರುತ್ತದೆ. ಆಟಿಕೆಯ ಗುಂಡಿ ಬ್ಯಾಟರಿ ಎಂಬ ಅನುಮಾನ ಬಂದರೆ ಒಂದು ಗಂಟೆಯೂ ಕಾಯಬೇಡಿ, ಅದು ಮೂಗಿನ ಒಳಗೋಡೆಯನ್ನು ಸುಡುತ್ತದೆ.

ಸಕ್ಕರೆ ಕಾಯಿಲೆ ಇರುವವರ ಉಸಿರು ಮಾಗಿದ ಹಣ್ಣಿನ ಹಾಗೆ ಅಥವಾ ಉಗುರು ಬಣ್ಣ ತೆಗೆಯುವ ದ್ರವದ ಹಾಗೆ ಬಂದು, ಜತೆಗೆ ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ಮೂತ್ರದ, ಅಮೋನಿಯಾದ ವಾಸನೆ ಬಂದು ಕಾಲು ಊದಿದ್ದರೆ ಮೂತ್ರಪಿಂಡದ ಪರೀಕ್ಷೆ ಮಾಡಿಸಿ.

ವಾಸನೆಗೆಂದೇ ದಂತವೈದ್ಯರ ಬಳಿ ಹೋಗುವ ದಿನ ನಾಚಿಕೆಗೆ ಬಾಯಿ ಪರಿಮಳ ಮಾಡಿಕೊಂಡು ಹೋಗಬೇಡಿ. ಹಿಂದಿನ ಎರಡು ದಿನ ಬೆಳ್ಳುಳ್ಳಿ ಈರುಳ್ಳಿ ಬಿಡಿ, ಆ ದಿನ ಮೌತ್‌ವಾಶ್, ಏಲಕ್ಕಿ, ಸೆಂಟು ಯಾವುದೂ ಬೇಡ, ಭೇಟಿಗೆ ಎರಡು ಗಂಟೆ ಮುಂಚಿನಿಂದ ಹಲ್ಲುಜ್ಜಬೇಡಿ. ನೀವು ನುಂಗುವ ಎಲ್ಲ ಮಾತ್ರೆಗಳ ಚೀಟಿ ಜತೆಗಿರಲಿ. ವಾಸನೆ ಇದ್ದ ಹಾಗೇ ಇದ್ದರೆ ಮಾತ್ರ ಅವರು ಅದರ ಜಾಗ ಹಿಡಿಯಬಲ್ಲರು.